ಕೆಲಸ ಬಿಟ್ಟ ಆರು ವಾರ

ಸೊಂಟದಲ್ಲಿ ಡಿಸ್ಕ್ ಜಾರಿದೆ ಎಂದು ಬಂಗಾರಪೇಟೆಯ ಡಾಕ್ಟರು ಹೇಳಿದಾಗ ನಾನು ಮೊದಲು ಕೇಳಿದ್ದು ಹಸುಗಳ ಗತಿ ಏನು ಅಂತ. ಎರಡು ಸೀಮೆಹಸು. ಎರಡು ಹೊತ್ತೂ ಹಾಲು ಕರೆದು ಡೈರಿಗೆ ಹಾಕುವುದು ನನ್ನ ಕೆಲಸ.

"ಕೆಲಸ ಬಿಡಬೇಕಮ್ಮ. ಬಗ್ಗಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ಭಾರ ಎತ್ತಬೇಡಿ. ಹಾಗಂತ ಮಲಗೇ ಇರಬೇಡಿ, ನಡೆದಾಡಿ. ಆರು ವಾರದಲ್ಲಿ ಕಡಿಮೆಯಾಗದಿದ್ರೆ ಆಪರೇಷನ್ ಯೋಚನೆ ಮಾಡೋಣ," ಎಂದರು.

ಕೆಲಸ ಬಿಟ್ಟೆ. ನಮ್ಮ ಯಜಮಾನರು ಕರೆಯಲು ಹೋದರೆ ಹಸು ಒದ್ದು ಕೆಡವಿತು. ಕೊನೆಗೆ ನನ್ನ ಹಳೇ ಸೀರೆ ಸುತ್ತಿಕೊಂಡು, ತಲೆ ಮೇಲೆ ಸೆರಗು ಹೊದ್ದು ಕೂತರು. ಆ ವಾಸನೆಗೆ ಹಸು ಸುಮ್ಮನಾಯಿತು. ಕೇರಿಯವರೆಲ್ಲ ಬಂದು ನೋಡಿ ನಕ್ಕರು.

"ಎಂಡ್ತಿಗೋಸ್ಕರ ಸೀರೆ ಉಟ್ಟವ್ನೆ. ಪುಣ್ಯ ಮಾಡಿದ್ದೆ ಕಣಮ್ಮಿ ನೀನು," ಎಂದಳು ಪಕ್ಕದ ಮನೆ ಅಜ್ಜಿ. ನಾನೂ ಹೌದೆಂದುಕೊಂಡೆ.

ನೋವು ಮಾತ್ರ ಇಳಿಯಲಿಲ್ಲ. ಎಡಗಾಲು ಹಿಮ್ಮಡಿಯವರೆಗೂ ಜೋಮು. ಮಾತ್ರೆ ನುಂಗಿದೆ, ಹೇಳಿಕೊಟ್ಟ ವ್ಯಾಯಾಮ ಮಾಡಿದೆ, ಕೆರೆ ಏರಿಯವರೆಗೆ ನಡೆದೆ. ಸಾಕುಸಾಕಾಗಿ ಹೋಯಿತು. ಹಾಳು ಸೊಂಟವೇ, ಇನ್ನೇನು ಮಾಡಬೇಕು ನಿನಗೆ ಎಂದು ಬೈದುಕೊಂಡೆ.

ಆರು ವಾರ ತುಂಬಿದ ಮೇಲೆ ಕ್ಯಾಸಂಬಳ್ಳಿ ಕಡೆಯಿಂದ ಬರುವ ಬಸ್ಸಿನಲ್ಲಿ ಕುಲುಕಾಡಿಕೊಂಡು ಮತ್ತೆ ಬಂಗಾರಪೇಟೆಗೆ ಹೋದೆವು.

"ಕೆಲಸ ಬಿಟ್ಟಿದ್ದೀರಾ?"

"ಪೂರ್ತಿ ಬಿಟ್ಟಿವ್ನಿ ಸಾರ್."

"ಆಲು ನಾನೇ ಕರೀತಿವ್ನಿ," ಎಂದು ಯಜಮಾನರು ಎದೆಯುಬ್ಬಿಸಿದರು.

ಡಾಕ್ಟರು ಆಪರೇಷನ್‌ಗೆ ಚೀಟಿ ಬರೆಯಲು ಪೆನ್ನು ತೆಗೆದರು. ಏನು ತೋಚಿತೋ, ಬರೆಯದೆ ನನ್ನ ಮುಖ ನೋಡಿದರು.

"ಮನೇಲಿ ನೀರು ಹೊರೋದು ಯಾರು?"

"ನಾನೇ."

"ಬಟ್ಟೆ?"

"ನಾನೇ ಸಾರ್."

"ಮುದ್ದೆ?"

"ಅದ್ನ ಇನ್ಯಾರು ತಿರುವ್ತಾರೆ?"

ನಾನು ಸುಳ್ಳು ಹೇಳಿರಲಿಲ್ಲ. ಆರು ವಾರವೂ ಬಗ್ಗಿ, ಪಾತ್ರೆ ಅದುಮಿ ಹಿಡಿದು, ಮನೆ ಮಂದಿಗೆಲ್ಲ ಮುದ್ದೆ ತಿರುವಿದ್ದೆ. ಅದೂ ಒಂದು ಕೆಲಸ ಅಂತ ನನಗೇ ಹೊಳೆದಿರಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಡಾಕ್ಟರು ಪೆನ್ನು ಮುಚ್ಚಿದರು. "ಇನ್ನೂ ಆರು ವಾರ ನೋಡೋಣ. ಈ ಸಲ ಅದನ್ನೆಲ್ಲ ಬಿಡಬೇಕು," ಎಂದು ಹೇಳಿದ್ದು ನಮ್ಮ ಯಜಮಾನರಿಗೆ. ಅವರು ಚಪ್ಪಲಿ ನೋಡಿಕೊಂಡು ತಲೆಯಾಡಿಸಿದರು.

ಮೂರನೇ ವಾರಕ್ಕೆ ಜೋಮು ಸಡಿಲವಾಯಿತು. ಆರು ವಾರ ಮುಗಿದಾಗ, ಆಪರೇಷನ್ ಬೇಡ, ಸ್ಟೂಲ್ ಮೇಲೆ ಕೂತು ಒಂದು ಹಸು ಕರೆದು ನೋಡಿ ಎಂದರು ಡಾಕ್ಟರು. ಅದೇ ಸಂಜೆ ಕರೆದೆ. ಬೆರಳು ಸೋತವು, ಸೊಂಟ ಮಾತ್ರ ತಡೆದುಕೊಂಡಿತು. ಕಣ್ಣಲ್ಲಿ ನೀರು ಬಂತು.

ಒಳಗೆ ಬಂದರೆ ಯಜಮಾನರು ಒಲೆ ಮುಂದೆ ಮುದ್ದೆ ತಿರುವಿ, ಸೊಂಟ ಹಿಡಿದುಕೊಂಡು ನಿಂತಿದ್ದರು.

"ವಾಸಿ ಆಯ್ತಲ್ಲ, ಇವತ್ತಿಂದ ಇದ್ನೂ ನೀನೇ ನೋಡ್ಕೊಂತೀಯೇನೇ?"

ಆ ದನಿಯಲ್ಲಿದ್ದ ಆಸೆ ಕೇಳಿ ಮೈ ಉರಿಯಿತು. ಅಯ್ಯೋ ಪಾಪ ಅಂತಲೂ ಅನ್ನಿಸಿತು.

"ಡಾಕ್ಟ್ರು ಒಂದು ಅಸ ಕರೆಯಾಕೆ ಮಾತ್ರ ಏಳವ್ರೆ," ಎಂದು ಹೇಳಿ, ಹೋಗಿ ಮಲಗಿಕೊಂಡೆ.