ಪಿನ್ ಹೊಡೆದ ಪುಟ

ಗೋಪಿನಾಥ ಇಲ್ಲವಂತೆ.

ಬೆಳಿಗ್ಗೆ ಮೆಲ್ಬರ್ನ್‌ನಿಂದ ಫೋನ್ ಬಂತು. ವಿಂಡಮ್ ವೇಲ್‌ನ ಮನೆಯಲ್ಲಿ, ಟೀ ಮಾಡಿಟ್ಟುಕೊಂಡು ಕೂತವನು ಏಳಲಿಲ್ಲ... ಹಾರ್ಟ್.
"ಯಾವ ಗೋಪಿನಾಥ?" ಎಂದು ಕೇಳಿದೆ.
ನನಗೆ ಗೊತ್ತಿರುವುದು ಒಬ್ಬನೇ.

ಈ ವಾಟ್ಸಾಪ್ ಗ್ರೂಪ್‌ನ ಹೊಸಬರಿಗೆ ಅವನ ಪರಿಚಯ ಇರಲಾರದು. ಹಳಬರಿಗೆ ಬೇಡದಷ್ಟು ಇದೆ.
ಮಕ್ಕಳ ಕಥೆ ಬರೆಯುತ್ತಿದ್ದ. ಅವುಗಳಲ್ಲಿ ಒಂದು 'ಎರಡು ಗೂಡಿನ ಗುಬ್ಬಿ'.
ಅಪ್ಪ ಗುಬ್ಬಿ, ಅಮ್ಮ ಗುಬ್ಬಿ ಬೇರೆಯಾಗುತ್ತವೆ. ಮರಿ ಎರಡು ಗೂಡುಗಳ ನಡುವೆ ಹಾರಲು ಕಲಿಯುತ್ತದೆ.
ಅಷ್ಟೇ...

ಅಷ್ಟಕ್ಕೇ ಸಿಡ್ನಿಯ ನಮ್ಮ ಭಾನುವಾರದ ಕನ್ನಡ ಕ್ಲಾಸ್ ಎರಡು ಹೋಳಾಯಿತು.
"ಗುಬ್ಬಿಗೂ ಡಿವೋರ್ಸ್ ಕೊಡಿಸಿದ್ನಲ್ಲಪ್ಪ ಈ ಮಹಾನುಭಾವ!"
"ತನ್ನ ಸಂಸಾರ ನೆಟ್ಟಗಿಟ್ಕೊಳ್ಳೋಕಾಗ್ಲಿಲ್ಲ, ನಮ್ಮ ಮಕ್ಕಳಿಗೆ ಕಥೆ ಹೇಳ್ತಾನಂತೆ."

ಸಂಸಾರದ ಮಾತು ನಿಜ. ಆ ವರ್ಷವೇ ಹೆಂಡತಿಯಿಂದ ಬೇರೆಯಾಗಿ ಮೆಲ್ಬರ್ನ್‌ಗೆ ಹೋಗಿದ್ದ. ಮಗಳು ಅನುಷಾ ತಾಯಿಯ ಜೊತೆ ಇಲ್ಲೇ ಉಳಿದಳು. ಆಗ ಒಂಬತ್ತು ವರ್ಷ. ಕ್ಲಾಸಿನಲ್ಲೇ ಅತಿ ಗಲಾಟೆಯ ಹುಡುಗಿ.
ಅಪ್ಪ ಹೋದ ಮೇಲೆ ಅವಳ ದನಿಯೇ ಕೇಳಿಸುತ್ತಿರಲಿಲ್ಲ.
ಒಳ್ಳೆಯ ಹುಡುಗಿಯಾದಳು ಎಂದು ನಾವೆಲ್ಲ ಮೆಚ್ಚಿಕೊಂಡೆವು.

ಕಮಿಟಿ ಸೇರಿತು. ಪುಸ್ತಕಗಳನ್ನು ಆಗಲೇ ತರಿಸಿಯಾಗಿತ್ತು. ವಾಪಸ್ ಕಳಿಸಲು ಮುಜುಗರ, ಎಷ್ಟಾದರೂ ಗೋಪಿ ನಮ್ಮವನು...
ಕೊನೆಗೆ ರಾಜಿಯಾಯಿತು. ಅಪ್ಪ ಗುಬ್ಬಿ ಮಾತನಾಡುವ ಎದುರುಬದುರು ಪುಟಗಳಿಗೆ ಪಿನ್ ಹೊಡೆದು ಕೊಡುವುದು.
ಸೆಕ್ರೆಟರಿ ನಾನು. ಸ್ಟೇಪ್ಲರ್ ನನ್ನ ಕೈಯಲ್ಲಿತ್ತು.
ಹ್ಯಾರಿಸ್ ಪಾರ್ಕ್‌ನಿಂದ ತರಿಸಿದ ಸಮೋಸ ತಿನ್ನುತ್ತಾ, ಒಂದೊಂದು ಪುಸ್ತಕಕ್ಕೆ ಮೂರು ಪಿನ್.

ಆ ಮಕ್ಕಳಲ್ಲಿ ಒಬ್ಬರಿಗೂ ಕನ್ನಡ ಓದಲು ಬರುತ್ತಿರಲಿಲ್ಲ. ಅದು ನಮಗೆ ಹೊಳೆಯಲೇ ಇಲ್ಲ.
ಓದಿ ಹೆದರಿದವರು ನಾವು ಮಾತ್ರ.

ಗೋಪಿ, ಫೋನ್ ಮಾಡಿ ಹೇಳಿದಾಗ ನೀನು ಬೈಯುತ್ತೀಯ ಎಂದುಕೊಂಡಿದ್ದೆ. ನೀನು ನಕ್ಕುಬಿಟ್ಟೆ.
"ಪಿನ್ ಹೊಡೆದ್ಯಾ? ಬಿಡೋ, ಮಕ್ಕಳು ಮೊದಲು ಬಿಚ್ಚೋದೇ ಆ ಪುಟಾನ. ನಮ್ಮ ಅನು ಅಂತೂ ಬಿಚ್ಚಿ, ಯಾರ ಹತ್ರಾನಾದ್ರೂ ಓದಿಸ್ಕೊಂಡೇ ತೀರ್ತಾಳೆ ನೋಡು."
ತಿಂಗಳಿಗೊಮ್ಮೆ ನೀನು ಸಿಡ್ನಿಗೆ ಬರುತ್ತಿದ್ದೆ. ಸ್ಕೋಫೀಲ್ಡ್ಸ್‌ನ ನನ್ನ ಮನೆಯಲ್ಲಿ ಉಳಿದು, ಶನಿವಾರ ಅವಳನ್ನು ಪಾರ್ಕಿಗೆ ಕರೆದೊಯ್ಯುತ್ತಿದ್ದೆ.
"ಮಾತೇ ಆಡಲ್ಲ ಕಣೋ. ಎಸ್ ಅಪ್ಪಾ, ನೋ ಅಪ್ಪಾ. ಇರ್ಲಿ, ಹೇಳ್ಬೇಕಾದ್ದೆಲ್ಲ ಆ ಪುಸ್ತಕದಲ್ಲಿದೆ" ಎನ್ನುತ್ತಿದ್ದೆ.
ಪಿನ್ ಬಿಚ್ಚಿದಳೇ ಎಂದು ನೀನು ಕೇಳಲಿಲ್ಲ. ನಾನೂ ವಿಚಾರಿಸಲಿಲ್ಲ...

ಇವತ್ತು ಮಧ್ಯಾಹ್ನ ಅನು ಫೋನ್ ಮಾಡಿದಳು. ಈಗ ಅವಳಿಗೆ ಹದಿನಾರು.
"ಅಂಕಲ್, ಫ್ಯೂನರಲ್‌ನಲ್ಲಿ ನಾನು ಮಾತಾಡ್ಬೇಕು. ಅಪ್ಪನ ಬುಕ್ ನಂಗೆ ಓದೋಕ್ ಬರಲ್ಲ. ವಿಲ್ ಯು ರೀಡ್ ಇಟ್ ಟು ಮಿ?"
ನನ್ನ ಪ್ರತಿ ತೆಗೆದು ಓದುತ್ತಾ ಹೋದೆ. ಅವಳು ಅಲ್ಲಿ ತನ್ನ ಪ್ರತಿಯ ಚಿತ್ರ ನೋಡಿಕೊಂಡು ಪುಟ ತಿರುಗಿಸುತ್ತಿದ್ದಳು.
"ಅಂಕಲ್, ಇಲ್ಲಿ ಸ್ಟೇಪಲ್ ಇದೆ."
"ಬಿಚ್ಚಿರ್ಲಿಲ್ವಾ ಪುಟ್ಟಿ?"
"ಟೀಚರ್ ಆಂಟಿ ಬೇಡ ಅಂದಿದ್ರು. ಐ ವಾಸ್ ಬೀಯಿಂಗ್ ಗುಡ್."

ತುಕ್ಕು ಹಿಡಿದ ಪಿನ್ ಕೀಳುವ ಸದ್ದು. ಮೂರು ಸಲ.
ಓದಿದೆ.

'ನಾನು ಗಲಾಟೆ ಮಾಡಿದ್ದಕ್ಕೆ ಹೋದೆಯಾ ಅಪ್ಪಾ?' ಎಂದಿತು ಮರಿ.
'ಅಲ್ಲ ಮರಿ. ನಾನೂ ಅಮ್ಮನೂ ಒಂದೇ ಗೂಡಿನಲ್ಲಿ ಇರಲಾರದೆ ಹೋದೆವು. ನಿನ್ನ ಗಲಾಟೆ ಇಲ್ಲದೆ ನನಗೆ ನಿದ್ದೆಯೇ ಬರುವುದಿಲ್ಲ.'


"ಎಗೇನ್, ಅಂಕಲ್."
ಮತ್ತೆ ಓದಿದೆ. ಮತ್ತೆ... ಬೇರೇನು ಮಾಡಬಹುದಿತ್ತು ನಾನು?

ಹಳೆಯ ಕ್ಲಾಸಿನವರೇ, ನಿಮ್ಮ ಗ್ಯಾರೇಜಿನಲ್ಲಿ ಆ ಪುಸ್ತಕ ಎಲ್ಲಾದರೂ ಉಳಿದಿದ್ದರೆ, ಪಿನ್ ಕಿತ್ತು ಓದಿ ಹೇಳಿ. ಮಕ್ಕಳು ದೊಡ್ಡವರಾಗಿದ್ದರೂ.

ಸಂಜೆಯ ಫ್ಲೈಟ್‌ಗೆ ಅನುವನ್ನು ಕರೆದುಕೊಂಡು ಹೊರಡುತ್ತಿದ್ದೇನೆ.

ಹೋಗು ಗೋಪಿ. ನಿನ್ನ ಜೀವಕ್ಕೆ ಶಾಂತಿ ಸಿಗಲಿ...
ನಿದ್ದೆ ಬರಲಿ.