ಡಿಸ್ಕಿಗೆ ಬಳಿದ ವಿಭೂತಿ

ಗುಂಡ್ಲುಪೇಟೆಯ ಮಾರಾಟ ಸಂಘದಲ್ಲಿ ಏಸಿ ಇದ್ದದ್ದು ಒಂದೇ ಕೋಣೆಗೆ. ಅದು ಕಾರ್ಯದರ್ಶಿಗಳದ್ದಲ್ಲ, ಕಂಪ್ಯೂಟರಿನದು. ಅಲ್ಲಿ ಕೂರುವ ಭಾಗ್ಯ ಗುಮಾಸ್ತ ಮರಿಮಲ್ಲಪ್ಪನವರದು. ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದ ಮೇಲೆ ಅವರು ನೆಲದ ಮೇಲೆ ನಡೆಯುತ್ತಿರಲಿಲ್ಲ. ಹೆಂಡತಿ ಕರಿಬಸಮ್ಮನೂ ಬೀದಿಯಲ್ಲಿ ‘ಕಂಪ್ಯೂಟರ್ ಸಾಹೇಬ್ರ ಮನೆಯೋರು’ ಆಗಿಬಿಟ್ಟಿದ್ದರು. ಆ ಕುರ್ಚಿ ತಪ್ಪಿದರೆ ಮತ್ತೆ ಗೋಡೌನಿನಲ್ಲಿ ಅರಿಸಿನದ ಮೂಟೆ ಕಾಯುವುದೇ ಗತಿ.

ಆಯುಧಪೂಜೆ ಬಂತು. ಜೀಪಿಗೂ ತಕ್ಕಡಿಗೂ ಭೀಮನಬೀಡಿನ ಚೆಂಡುಹೂವು ಬಿತ್ತು. ಕಂಪ್ಯೂಟರಿನ ಡಬ್ಬಕ್ಕೆ ಕುಂಕುಮ ಇಟ್ಟರೂ ಮರಿಮಲ್ಲಪ್ಪನವರಿಗೆ ಸಮಾಧಾನವಿಲ್ಲ. ದುಡಿಯುವುದು ಒಳಗಿನ ಡಿಸ್ಕು, ಪೂಜೆ ಮಾತ್ರ ತಗಡಿಗೋ? ಬಾಗಿಲು ಹಾಕಿಕೊಂಡು ಸ್ಕ್ರೂ ಬಿಚ್ಚಿದರು. ವೈರು ಕಿತ್ತು ಡಿಸ್ಕು ಹೊರತೆಗೆದು, ತಮ್ಮ ಹಣೆಯಲ್ಲಿದ್ದಂತೆಯೇ ಅದಕ್ಕೂ ವಿಭೂತಿ ಎಳೆದು ನಡುವೆ ಕುಂಕುಮ ಇಟ್ಟರು. ಕೈಮುಗಿದು, ವೈರನ್ನು ಸಿಕ್ಕಿದ ಕಡೆ ಸಿಕ್ಕಿಸಿ ಮುಚ್ಚಿದರು.

ಹಬ್ಬ ಕಳೆದು ಫ್ಲಾಪಿ ತುರುಕಿ ಸ್ವಿಚ್ ಒತ್ತಿದರೆ, ಯಂತ್ರವನ್ನು ನಡೆಸುವ ಯುನಿಕ್ಸ್ ಎದ್ದಂತೆ ಮಾಡಿ, ‘ರೂಟ್ ಡಿಸ್ಕ್ ಸಿಗುತ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು ಕೈಚೆಲ್ಲಿತು. ಅದರ ಸಕಲ ಸಂಸಾರವೂ ಆ ಡಿಸ್ಕಿನಲ್ಲೇ ಇತ್ತು.

“ಏನಾಯ್ತ್ರೀ ಇದ್ಕೆ?” ಕಾರ್ಯದರ್ಶಿ ಮಹದೇವಪ್ಪನವರು ಕೇಳಿದರು.

ಮರಿಮಲ್ಲಪ್ಪನವರಿಗೆ ತಾವು ಸ್ಕ್ರೂ ಬಿಚ್ಚಿದ್ದು ನೆನಪಾಯಿತು. ಬಾಯಿ ಮಾತ್ರ ಚುರುಕಾಗಿತ್ತು. “ಅರ್ತಿಂಗು ಸಾ, ನೆಲಕ್ಕೆ ಇಳಿಸೋ ವೈರು. ಆ ಸತ್ತಾರು ಸರ್ಯಾಗ್ ಮಾಡಿಲ್ಲ.”

ವೈರಿಂಗ್ ಮಾಡಿದ್ದ ಅಬ್ದುಲ್ ಸತ್ತಾರನಿಗೆ ಹೇಳಿಕಳಿಸಿದರು. “ಫ್ಯಾನು, ಲೈಟು ಎಲ್ಲಾ ಚೆನ್ನಾಗೈತಲ್ಲಾ ಸಾಬ್?” ಎಂದ ಸತ್ತಾರ್.

“ಇದು ಫ್ಯಾನಲ್ಲ ಕಣ್ಲಾ, ಕಂಪ್ಯೂಟ್ರು. ಅಗಿ!” ಮರಿಮಲ್ಲಪ್ಪನವರು ಗದರಿದರು.

ಬಡಪಾಯಿ ಬಿಸಿಲಲ್ಲಿ ಹಿತ್ತಲಿನ ಅರ್ತಿಂಗ್ ಗುಂಡಿ ಅಗೆದು, ಇದ್ದಿಲು ಸುರಿದು, ಉಪ್ಪು ಹಾಕಿ, ನೀರು ಹೊಯ್ದ. ಯುನಿಕ್ಸ್ ತನ್ನ ಹಟ ಬಿಡಲಿಲ್ಲ.

ಕೊನೆಗೆ ಮೈಸೂರಿನಿಂದ ಇಂಜಿನಿಯರ್ ಭಾನು ಬಂದಳು. ಡಬ್ಬ ಬಿಚ್ಚಿ ಡಿಸ್ಕಿನ ವೈರು ಹಿಡಿದು ನೋಡಿದಳು. “ಮೊದಲನೇ ಜಾಗದಲ್ಲಿದ್ದ ಡಿಸ್ಕನ್ನ ಎರಡನೇ ಜಾಗಕ್ಕೆ ಸಿಕ್ಕಿಸಿದ್ದಾರೆ. ಇದು ಪಾಪ, ಹಳೇ ಜಾಗದಲ್ಲೇ ಹುಡುಕ್ತಾ ಇದೆ. ಯಾರು ಬಿಚ್ಚಿದ್ದು?”

ಎಲ್ಲರೂ ಡಿಸ್ಕಿನ ಮೇಲಿನ ವಿಭೂತಿ ನೋಡಿದರು. ಆಮೇಲೆ ಮರಿಮಲ್ಲಪ್ಪನವರ ಹಣೆ ನೋಡಿದರು.

ಮಹದೇವಪ್ಪನವರು ಕೆಮ್ಮಿದರು. ಅವರ ಹಣೆಯಲ್ಲೂ ವಿಭೂತಿಯಿತ್ತು. “ಪೂಜೆ ಮಾಡ್ದೋರ್ನ ಬಯ್ಯಕಾದದಾ? ಬುಡಿ ಅತ್ಲಾಗೆ.”

ಭಾನು ವೈರು ಬದಲಿಸಿದಳು. ಯಂತ್ರ ಎದ್ದಿತು. ಕುರ್ಚಿ ಉಳಿಯಿತು.

ಅಷ್ಟರಲ್ಲಿ ಸತ್ತಾರ್ ಮಣ್ಣು ಮೆತ್ತಿದ ಕೈಯಲ್ಲಿ ಬಾಗಿಲಿಗೆ ಬಂದ. “ಸಾಬ್, ಗುಂಡಿ ಮುಚ್ಲಾ?”

ಮರಿಮಲ್ಲಪ್ಪನವರಿಗೆ ಅವನ ಮುಖ ನೋಡಲಾಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆ ಏಸಿಯಲ್ಲೂ.

“ಮುಚ್ಚು,” ಎಂದರು ಕಂಪ್ಯೂಟರಿನತ್ತ ತಿರುಗಿ, “ಇನ್ನೊಸಿ ಉಪ್ಪಾಕಿ ಮುಚ್ಚು.”