ಜಾಗ ಬಿಟ್ಟ ತೆಪ್ಪ

ತೆಪ್ಪದಕ್ಕನಿಗೆ ಈಜು ಬರುವುದಿಲ್ಲ. ಹೊಳೆಯಲ್ಲಿ ಈಜುವವರಿಗೆಂದು ಖಾಲಿ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ತೆಪ್ಪ ಕಟ್ಟಿದವಳು ಅವಳೇ, ಅದನ್ನು ನೋಡಿಕೊಳ್ಳುವವಳೂ ಅವಳೇ. "ನೀರಿಗೆ ಬಿದ್ರೆ ಏನ್ಮಾಡ್ತೀಯಕ್ಕಾ?" ಎಂದು ಹುಡುಗಿಯರು ಕೆಣಕಿದರೆ, "ಬೀಳಬಾರದು ಅಂತ್ಲೇ ಅಲ್ವೇನ್ರೇ ತೆಪ್ಪ ಕಟ್ಟಿರೋದು!" ಎನ್ನುತ್ತಾಳೆ. ಬಡಗಿಯ ಮಗಳು. ಅಪ್ಪನ ಉಳಿ, ಅಪ್ಪನ ಮೊಂಡುತನ ಎರಡೂ ಅವಳ ಪಾಲಿಗೆ ಬಂದಿವೆ.

ಹೊಳೆ ಎಲ್ಲರದು, ಹಾಗಾಗಿ ತೆಪ್ಪವನ್ನು ಬೇಕೆಂದ ಕಡೆ ನಿಲ್ಲಿಸುವಂತಿಲ್ಲ. ಜಲಮಾರ್ಗದ ಕಚೇರಿಯವರು ತೋರಿಸಿದ ಜಾಗದಲ್ಲೇ ಲಂಗರು ಹಾಕಬೇಕು, ಕತ್ತಲಾಗುವ ಮುಂಚೆ ಅದರ ಕಂಬಕ್ಕೆ ಕೆಂಪು ದೀಪ ಹಚ್ಚಬೇಕು, ಕೇಳದೆ ಒಂದು ಮಾರೂ ಸರಿಸಬಾರದು. ಈ ಬೇಸಿಗೆಯಲ್ಲಿ ನೀರು ಇಳಿಯಿತು. ತುದಿಯ ಹಲಗೆಯಿಂದ ಧುಮುಕುವ ಮಕ್ಕಳ ತಲೆ ತಳಕ್ಕೆ ಬಡಿದೀತೆಂದು ಅವಳಿಗೆ ನಿದ್ದೆ ಹತ್ತಲಿಲ್ಲ. ಕಚೇರಿಗೆ ಹೋದಳು.

"ಬಂದು ನೋಡ್ತೀವಮ್ಮ," ಎಂದರು ಸಾಹೇಬರು. "ಅಲ್ಲೀವರೆಗೂ ಧುಮುಕೋ ಹಲಗೆ ಬಿಚ್ಚಿಡಿ."

"ಹಲಗೆ ಬಿಚ್ಚಿದ್ರೆ ಮಕ್ಕಳು ಯಾಕ್ ಬರ್ತಾರೆ ಸ್ವಾಮಿ?"

ಮಧ್ಯಾಹ್ನವೇ ಈಜುವವರನ್ನು ಕೂಡಿಸಿ, ತೆಪ್ಪವನ್ನು ಹೊಳೆಯ ಮೇಲ್ಗಡೆ ಆಳವಿದ್ದ ಕಡೆಗೆ ಎಳೆಸಿದಳು. ಎದೆಯ ಭಾರ ಇಳಿಯಿತು.

ಸಂಜೆ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕುತ್ತ ಬಂದು, ದೀಪ ಹಚ್ಚಿ, ತೆಪ್ಪದ ಮೇಲೆ ಕೂತಳು. ಮೋಡ ಕವಿದು ಬೇಗ ಮಬ್ಬಾಗಿತ್ತು. ಮೇಲಿನ ತಿರುವಿನಲ್ಲಿ ತಮ್ಮನ ಮೋಟಾರು ದೋಣಿಯ ಸದ್ದು ಕೇಳಿತು. ಬೆಳಿಗ್ಗೆ ಹೋದವನು ಕೆಲಸದಿಂದ ಮರಳುವವರನ್ನು ತುಂಬಿಕೊಂಡು ಬರುತ್ತಿದ್ದ. ಅವನು ದಿನವೂ ಮಾಡುವುದು ಆಗ ನೆನಪಾಯಿತು. ಕೆಂಪು ದೀಪದ ನೇರಕ್ಕೆ ಬರುತ್ತಲೇ ದೋಣಿಯನ್ನು ದಡಕ್ಕೆ ತಿರುಗಿಸುತ್ತಾನೆ. ಇವತ್ತು ದೀಪ ಮೇಲ್ಗಡೆ ಇದೆ, ಅದು ಅವನಿಗೆ ಗೊತ್ತಿಲ್ಲ. ಇಲ್ಲಿ ತಿರುಗಿಸಿದರೆ ದಡಕ್ಕೂ ಅವನಿಗೂ ನಡುವೆ ಮುಳುಗಿದ ಬಂಡೆಗಳು.

"ತಮ್ಮಾ!" ಎಂದು ಕೂಗಿದಳು. ಎಂಜಿನ್ನಿನ ಸದ್ದು ಕೂಗನ್ನು ನುಂಗಿತು.

ದೀಪ ಆರಿಸಿದರೆ? ಗುರುತು ಸಿಗದೆ ಅವನು ಎಂಜಿನ್ ನಿಲ್ಲಿಸಬಹುದು. ನಿಲ್ಲಿಸದೆ ಹೋದರೆ ನೇರ ತೆಪ್ಪಕ್ಕೇ ಬಂದು ಬಡಿಯಬಹುದು. ಒಂದು ಕೈಯಲ್ಲಿ ಕಂಬವನ್ನು ತಬ್ಬಿಕೊಂಡು ಇನ್ನೊಂದರಲ್ಲಿ ದೀಪಕ್ಕೆ ತಡಕಾಡಿದಳು. ಆರಿಸಿದಳು.

ಸದ್ದು ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ಆಮೇಲೆ ಕೆಮ್ಮಿದಂತೆ ಮಾಡಿ ನಿಂತಿತು.

"ಎಲ್ಲಿ ಹಾಳಾಗ್ಹೋಯ್ತು ದೀಪ? ನಮ್ಮಕ್ಕ ಗೊರಕೆ ಹೊಡೀತಿದಾಳಾ?"

"ಇಲ್ಲೇ ಇದೀನಿ ಕಣೋ! ದಡದ ಕಡೆ ಹೋಗ್ಬೇಡ, ಬಂಡೆ ಇದೆ. ನನ್ನ ದನಿ ಕೇಳಿಸ್ಕೊಂಡು ನನ್ನ ಕಡೆಗೇ ಬಾ!"

"ಬಂಡೆ ಇರೋದು ಮೇಲ್ಗಡೆ ಅಲ್ವೇನೇ?"

"ನಾನೇ ಮೇಲ್ಗಡೆ ಇದೀನಿ."

ದೋಣಿಯಲ್ಲಿದ್ದ ಮುದುಕಿಯೊಬ್ಬಳು, "ಅಕ್ಕ ತಮ್ಮ ಆಮೇಲೆ ಜಗಳ ಆಡ್ಕೊಳ್ರಪ್ಪ, ಮೊದ್ಲು ನಮ್ಮನ್ನ ಇಳಿಸಿ," ಎಂದಳು.

ಅವನು ಆಗಲೇ ಅರ್ಧ ತಿರುಗಿಸಿದ್ದ. ಗಳ ಊರುತ್ತ ದೋಣಿಯನ್ನು ಹಿಂದಕ್ಕೆ ತಂದ. ಗಳ ಕಲ್ಲಿಗೆ ತಾಗಿದ್ದು ಅವಳಿಗೂ ಕೇಳಿತು. ಅವಳು ಮಾತು ನಿಲ್ಲಿಸಲಿಲ್ಲ. ಹೇಳಲು ಏನೂ ತೋಚದಾಗ ಅವನ ಮಕ್ಕಳ ಹೆಸರನ್ನೇ ಕೂಗುತ್ತಿದ್ದಳು. ಹಗ್ಗ ಕೊಡುವಾಗ ತಾಗಿದ ಅವನ ಕೈ ಅವಳದಕ್ಕಿಂತ ತಣ್ಣಗಿತ್ತು.

"ನಂಗೊಂದು ಮಾತು ಹೇಳಬಾರದಿತ್ತಾ?"

"ಮಕ್ಕಳ ತಲೆ ಉಳಿದ್ರೆ ಸಾಕು ಅಂದ್ಕೊಂಡೆ ಕಣೋ. ನಿನ್ನ ನೆನಪೇ ಬರಲಿಲ್ಲ."

ಅವನು ಜನರನ್ನು ದಡಕ್ಕೆ ಬಿಟ್ಟು ಬಂದು, ತೆಪ್ಪವನ್ನು ದೋಣಿಗೆ ಕಟ್ಟಿ ಹಳೆಯ ಜಾಗಕ್ಕೆ ಎಳೆದ. ಲಂಗರು ಇಳಿಸಿ ದೀಪ ಹಚ್ಚಿದ ಮೇಲೆ ಅವಳು ಸ್ಪ್ಯಾನರ್ ಹಿಡಿದು ಧುಮುಕುವ ಹಲಗೆಯ ಮುಂದೆ ಮಂಡಿಯೂರಿದಳು.

"ನಾಳೆ ಮಕ್ಕಳು ಉಗೀತಾರೆ ನೋಡು," ಎಂದ ತಮ್ಮ.

"ಉಗೀಲಿ."

ಒಂದು ಬೋಲ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ತಮ್ಮ ಪಕ್ಕದಲ್ಲಿ ಕೂತು, ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಿರುಗಿಸಿದ.